ಪೆಂಟಗನ್ ಪೇಪರ್ಸ್ ಓದಲು ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ಉಚಿತ ಸೇವೆ: ಒಂದು ವಿಮರ್ಶೆ

ಸೋರಿಕೆಯಾದ ಸರ್ಕಾರಿ ಕಡತಗಳ ಬಗ್ಗೆ ವಾದಕ್ಕೆ ಇಳಿಯುವವರಲ್ಲಿ ಹೆಚ್ಚಿನವರು ಆ ಕಡತವನ್ನೇ ತೆರೆದು ನೋಡಿರುವುದಿಲ್ಲ. ಒಬ್ಬರು ದೇಶದ್ರೋಹವೆಂದು ಗುಡುಗುತ್ತಾರೆ, ಇನ್ನೊಬ್ಬರು ಸರ್ಕಾರದ ಬಣ್ಣ ಬಯಲಾಯಿತೆಂದು ಕುಣಿಯುತ್ತಾರೆ, ಕಡತದ ಯಾವ ಪುಟದಲ್ಲಿ ಏನಿದೆ ಎಂಬ ಪ್ರಶ್ನೆ ಮಾತ್ರ ಇಬ್ಬರ ನಡುವೆ ಅನಾಥವಾಗಿ ಉಳಿಯುತ್ತದೆ. ಈ ಕೊರತೆಯನ್ನು ಒಂದು ಪ್ರಕರಣದ ಮಟ್ಟಿಗಾದರೂ ಸಂಪೂರ್ಣವಾಗಿ ತುಂಬಿಕೊಡುವ ಸೇವೆಯೊಂದು ಅಂತರ್ಜಾಲದಲ್ಲಿದೆ. ಅಮೆರಿಕದ ರಾಷ್ಟ್ರೀಯ ಪತ್ರಾಗಾರವು 2011ರ ಜೂನ್ 13ರಂದು, ಅಂದರೆ ನ್ಯೂಯಾರ್ಕ್ ಟೈಮ್ಸ್ ಮೊದಲ ಕಂತನ್ನು ಅಚ್ಚು ಹಾಕಿ ಸರಿಯಾಗಿ 40 ವರ್ಷಗಳಾದ ದಿನ, ಪೆಂಟಗನ್ ಪೇಪರ್ಸ್ ಎಂದು ಹೆಸರಾದ ವರದಿಯ ಸುಮಾರು 7,000 ಪುಟಗಳನ್ನು ಒಂದು ಪದವನ್ನೂ ಮರೆಮಾಚದೆ ತನ್ನ ಜಾಲತಾಣದಲ್ಲಿ ಇರಿಸಿತು. ಶುಲ್ಕವಿಲ್ಲ, ನೋಂದಣಿಯಿಲ್ಲ, ಪೌರತ್ವದ ಪ್ರಶ್ನೆಯಿಲ್ಲ. ಧಾರವಾಡದಲ್ಲಿ ಕುಳಿತವರೂ ಇಳಿಸಿಕೊಂಡು ಓದಬಹುದು.

ವರದಿಯ ಹಿನ್ನೆಲೆಯನ್ನು ಚುಟುಕಾಗಿ ಹೇಳಬೇಕು. ರಕ್ಷಣಾ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಮೆಕ್‌ನಮಾರ 1967ರ ಜೂನ್‌ನಲ್ಲಿ ವಿಯೆಟ್ನಾಂ ನೀತಿಯ ಇತಿಹಾಸವನ್ನು ಬರೆಯಲು ಆದೇಶಿಸಿದರು. ಲೆಸ್ಲಿ ಗೆಲ್ಬ್ ನೇತೃತ್ವದ ತಂಡ 1969ರ ಜನವರಿಯಲ್ಲಿ 47 ಸಂಪುಟಗಳನ್ನು ಒಪ್ಪಿಸಿತು. ತಂಡದಲ್ಲಿ ಕೆಲಸ ಮಾಡಿದ್ದ ಡೇನಿಯಲ್ ಎಲ್ಸ್‌ಬರ್ಗ್ ಅದೇ ವರ್ಷದ ಅಕ್ಟೋಬರ್‌ನಿಂದ ಗೆಳೆಯ ಆಂಥೊನಿ ರುಸ್ಸೋ ಜೊತೆಗೂಡಿ ಅದನ್ನು ರಾತ್ರಿಯ ಹೊತ್ತು ಜೆರಾಕ್ಸ್ ಮಾಡಿದರು. 1971ರಲ್ಲಿ ಅದು ಪತ್ರಿಕೆಗಳಿಗೆ ತಲುಪಿತು, ನಿಕ್ಸನ್ ಸರ್ಕಾರ ಪ್ರಕಟಣೆಗೆ ತಡೆ ತಂದಿತು, ಜೂನ್ 30ರಂದು ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ತಡೆಯನ್ನು ತೆಗೆದುಹಾಕಿತು. ಇಷ್ಟನ್ನು ಎಲ್ಲರೂ ಬಲ್ಲರು. ಗೊತ್ತಿರುವುದು ಇಷ್ಟೇ ಎಂಬುದೇ ತೊಂದರೆ.

ತಾಣದ ಪುಟ ನೋಡಲು ಸರಳವಾಗಿದೆ, ಸರಳವೆನ್ನುವುದಕ್ಕಿಂತ ಒಣಕಲು ಎನ್ನಬೇಕು. ಒಂದು ಕೋಷ್ಟಕ, ಅದರಲ್ಲಿ ಸಂಪುಟಗಳ ಹೆಸರು, ಎದುರಿಗೆ ಕೊಂಡಿ. ಸಂಪುಟವನ್ನು ತೆರೆದರೆ ಬೆರಳಚ್ಚು ಯಂತ್ರದಲ್ಲಿ ಬಡಿದ ಹಾಳೆಗಳ ಸ್ಕ್ಯಾನ್ ಪ್ರತಿ ಕಾಣುತ್ತದೆ. ಹಳೆಯ 'ಟಾಪ್ ಸೀಕ್ರೆಟ್ - ಸೆನ್ಸಿಟಿವ್' ಎಂಬ ಮುದ್ರೆಯೂ ಗೋಪ್ಯತೆ ರದ್ದಾಗಿರುವುದನ್ನು ಹೇಳುವ 2011ರ ಹೊಸ ಮುದ್ರೆಯೂ ಒಂದೇ ಹಾಳೆಯ ಮೇಲೆ ಇರುತ್ತವೆ. ಈ ಎರಡು ಮುದ್ರೆಗಳ ಸಹವಾಸ ನನಗೆ ತಾಣದ ಅತ್ಯುತ್ತಮ ಅಂಶವಾಗಿ ಕಂಡಿತು, ಏಕೆಂದರೆ ಸೋರಿಕೆಯ ವಾದದಲ್ಲಿ ಮೊದಲು ಹುಟ್ಟುವ ಜಗಳವೇ ಪ್ರತಿಯ ಸಾಚಾತನದ್ದು. ತಿದ್ದಿದ ಪ್ರತಿ, ಯಾರೋ ಸೇರಿಸಿದ ಪುಟ, ಸಂದರ್ಭದಿಂದ ಕಿತ್ತ ಸಾಲು ಎಂಬ ಆಕ್ಷೇಪಗಳಿಗೆ ಇಲ್ಲಿ ಎಡೆಯೇ ಇಲ್ಲ. ಪತ್ರಾಗಾರದ ಪ್ರಕಾರ ವರದಿಯ ಸುಮಾರು ಶೇ 34ರಷ್ಟು ಭಾಗ 2011ರಲ್ಲೇ ಮೊದಲ ಬಾರಿಗೆ ಸಾರ್ವಜನಿಕರಿಗೆ ಸಿಕ್ಕಿತು. ಅಂದರೆ ನಲವತ್ತು ವರ್ಷ ಈ ವರದಿಯ ಬಗ್ಗೆ ಹೊಡೆದಾಡಿದ ಸಾರ್ವಜನಿಕರು ಅದನ್ನು ಪೂರ್ತಿಯಾಗಿ ಓದಿ ಹೊಡೆದಾಡಿರಲಿಲ್ಲ.

ಬಿಡುಗಡೆಯ ಮುನ್ನಾದಿನಗಳಲ್ಲಿ ನಡೆದ ಒಂದು ಪ್ರಹಸನವನ್ನು ಇಲ್ಲಿ ಹೇಳದೆ ಬಿಡಲಾಗದು. ಇಡೀ ವರದಿಯಲ್ಲಿ ಒಂದು ಪುಟದ 11 ಪದಗಳನ್ನು ಮಾತ್ರ ಮುಚ್ಚಿಡಲಾಗುವುದು ಎಂದು ಅಧಿಕಾರಿಗಳು ಪ್ರಕಟಿಸಿದರು. ಆ ಪದಗಳು ದಶಕಗಳ ಹಿಂದೆಯೇ ಬೇರೊಂದು ಪ್ರಕಟಿತ ಆವೃತ್ತಿಯಲ್ಲಿ ಅಚ್ಚಾಗಿದ್ದವು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಮುಚ್ಚಿದ ಪದಗಳು ಯಾವುವು ಎಂಬುದು ಮಾತ್ರವಲ್ಲ, ಸರ್ಕಾರ ಇಂದಿಗೂ ಯಾವುದಕ್ಕೆ ಅಂಜುತ್ತದೆ ಎಂಬುದೂ ತಿಳಿದುಹೋಗುತ್ತಿತ್ತು. ಕೊನೆಗೆ ಆ ಯೋಚನೆಯನ್ನು ಕೈಬಿಡಲಾಯಿತು. ಗೋಪ್ಯತೆಯ ಮುದ್ರೆ ಒತ್ತಿದ್ದೆಲ್ಲವೂ ಅಪಾಯಕಾರಿ ಎಂಬ ವಾದವನ್ನು ಇನ್ನು ಮುಂದೆ ಯಾರಾದರೂ ನನ್ನೆದುರು ಇಟ್ಟರೆ ಈ 11 ಪದಗಳ ಕಥೆಯನ್ನೇ ಹೇಳುವವನಿದ್ದೇನೆ.

ಓದುವ ಕ್ರಮದ ಬಗ್ಗೆ ಒಂದು ಸಲಹೆಯಿದೆ. ಮೊದಲ ಸಂಪುಟದಿಂದ ಹೊರಟರೆ 1940ರ ದಶಕದ ಫ್ರೆಂಚ್ ವಸಾಹತು ರಾಜಕೀಯದಲ್ಲೇ ಉತ್ಸಾಹ ಬತ್ತಿಹೋಗುತ್ತದೆ. ನೇರವಾಗಿ ಐದನೆಯ ಭಾಗಕ್ಕೆ ಹೋಗಬೇಕು. 'ಯುದ್ಧದ ಸಮರ್ಥನೆ' ಎಂಬ ಈ ಭಾಗವನ್ನು ಸಂಪಾದಕರು ಎರಡಾಗಿ ಸೀಳಿದ್ದಾರೆ: ಒಂದರಲ್ಲಿ ಅಧ್ಯಕ್ಷರೂ ಮಂತ್ರಿಗಳೂ ಜನರೆದುರು ಆಡಿದ ಮಾತುಗಳು, ಇನ್ನೊಂದರಲ್ಲಿ ಕಚೇರಿಯೊಳಗೆ ಬರೆದುಕೊಂಡ ಟಿಪ್ಪಣಿಗಳು. ರಾಜಕೀಯ ಭಾಷಣದ ಕಾವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲನ್ನು ನಾನು ಕಂಡಿಲ್ಲ, ಅದೂ ಸರ್ಕಾರವೇ ತನ್ನ ಖರ್ಚಿನಲ್ಲಿ ಮಾಡಿಸಿಕೊಂಡದ್ದು. ಜಾನ್ಸನ್ ಕಾಲದ ಒಳಗಿನ ಕಾಗದಪತ್ರಗಳಿಗೆ ಮಾತ್ರ ನಾಲ್ಕನೆಯ ಭಾಗವನ್ನು ತಡಕಬೇಕು.

ಒಂದು ಜೋಡಿಯನ್ನು ಹತ್ತಿರದಿಂದ ನೋಡೋಣ. 1965ರ ಏಪ್ರಿಲ್ 7ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಮಾತನಾಡಿ, ದಕ್ಷಿಣ ವಿಯೆಟ್ನಾಮಿನ ಸ್ವಾತಂತ್ರ್ಯವೇ ತಮ್ಮ ಗುರಿಯೆಂದೂ ತಮಗಾಗಿ ಏನನ್ನೂ ಬಯಸುತ್ತಿಲ್ಲವೆಂದೂ ಹೇಳಿದರು. ಅದಕ್ಕೆ ಎರಡು ವಾರ ಮೊದಲು, ಮಾರ್ಚ್ 24ರಂದು, ರಕ್ಷಣಾ ಇಲಾಖೆಯ ಸಹಾಯಕ ಕಾರ್ಯದರ್ಶಿ ಜಾನ್ ಮೆಕ್‌ನಾಟನ್ ಬರೆದ ಟಿಪ್ಪಣಿಯಲ್ಲಿ ಅಮೆರಿಕದ ಉದ್ದೇಶಗಳನ್ನು ಶೇಕಡಾವಾರು ಹಂಚಲಾಗಿದೆ. ಶೇ 70 ಅಮೆರಿಕಕ್ಕೆ ಅವಮಾನಕರ ಸೋಲು ಆಗದಂತೆ ತಡೆಯುವುದು, ಶೇ 20 ಆ ನೆಲ ಚೀನಾದ ಕೈಗೆ ಹೋಗದಂತೆ ನೋಡಿಕೊಳ್ಳುವುದು, ಶೇ 10 ದಕ್ಷಿಣ ವಿಯೆಟ್ನಾಮಿನ ಜನರಿಗೆ ಮೇಲಾದ, ಸ್ವತಂತ್ರವಾದ ಬದುಕನ್ನು ಒದಗಿಸುವುದು. ಗೆಳೆಯನಿಗೆ ನೆರವಾಗುವುದು ಉದ್ದೇಶಗಳಲ್ಲಿ ಸೇರಿಲ್ಲವೆಂದೂ ಅದೇ ಟಿಪ್ಪಣಿ ಬೇರೆಯಾಗಿ ಗುರುತು ಹಾಕಿದೆ. ವೇದಿಕೆಯ ಮೇಲೆ ನೂರಕ್ಕೆ ನೂರಾಗಿದ್ದದ್ದು ಮೇಜಿನ ಮೇಲೆ ಹತ್ತಾಗಿತ್ತು.

ಇಲ್ಲಿ ಓದುಗರು ಎಡವುವುದು ಸುಲಭ, ಯುದ್ಧವಿರೋಧಿಗಳು ಎಡವಿಯೂ ಇದ್ದಾರೆ. ಮೆಕ್‌ನಾಟನ್ ಅವರದು ಒಬ್ಬ ಅಧಿಕಾರಿ ತನ್ನ ಮೇಲಧಿಕಾರಿಗೆ ಬರೆದ ಕರಡು. ಅದನ್ನೇ ಅಧ್ಯಕ್ಷರ ತಪ್ಪೊಪ್ಪಿಗೆ ಎಂಬಂತೆ ಮೆರೆಸುವುದು ಕುತರ್ಕ. ಜಾನ್ಸನ್ ಆಡಳಿತ ಜನರನ್ನು ಕತ್ತಲಲ್ಲಿಟ್ಟಿತ್ತು ಎಂದು ಸಾಧಿಸಬೇಕಾದವರು ಅದಕ್ಕಿಂತ ನೀರಸವಾದ, ಆದರೆ ಬಲವಾದ ಇನ್ನೊಂದು ಕಾಗದವನ್ನು ಹಿಡಿಯಬೇಕು. ಭಾಷಣದ ಹಿಂದಿನ ದಿನ, ಅಂದರೆ ಏಪ್ರಿಲ್ 6ರಂದು, ಹೊರಟ 328ನೆಯ ರಾಷ್ಟ್ರೀಯ ಭದ್ರತಾ ನಿರ್ದೇಶನವೇ ಆ ಕಾಗದ. ಅದು ಅಧ್ಯಕ್ಷರ ತೀರ್ಮಾನಗಳನ್ನು ದಾಖಲಿಸುತ್ತದೆ. ವಿಯೆಟ್ನಾಮಿನಲ್ಲಿದ್ದ ಮರೀನ್ ಪಡೆಗಳನ್ನು ಕಾವಲಿನ ಕೆಲಸದಿಂದಾಚೆಗೆ ಹೆಚ್ಚು ಸಕ್ರಿಯವಾಗಿ ಬಳಸಲು ಒಪ್ಪಿಗೆ ಕೊಡುತ್ತದೆ, ಕೊನೆಯಲ್ಲಿ ಅವಧಿಗೆ ಮುನ್ನ ಪ್ರಚಾರ ಸಿಗದಂತೆ ಎಲ್ಲ ಎಚ್ಚರವಹಿಸಬೇಕೆಂದೂ ನೀತಿ ದಿಢೀರನೆ ಬದಲಾದಂತೆ ತೋರಬಾರದೆಂದೂ ತಾಕೀತು ಮಾಡುತ್ತದೆ. ಮೆಕ್‌ನಾಟನ್ ಟಿಪ್ಪಣಿ ಎಲ್ಲರ ಬಾಯಲ್ಲಿದೆ, ಏಕೆಂದರೆ ಅದರಲ್ಲಿ ಅಂಕಿಗಳ ಮೋಡಿಯಿದೆ. ಯಾವ ಪುರಾವೆ ಚಪ್ಪಾಳೆ ಗಿಟ್ಟಿಸುತ್ತದೆ, ಯಾವುದು ಪಾಟೀಸವಾಲಿನಲ್ಲಿ ನಿಲ್ಲುತ್ತದೆ ಎಂಬ ಭೇದವನ್ನು ಈ ಎರಡು ಕಾಗದಗಳು ತೋರಿಸಿಕೊಡುವಷ್ಟು ಚೆನ್ನಾಗಿ ಯಾವ ತರ್ಕಶಾಸ್ತ್ರದ ತರಗತಿಯೂ ತೋರಿಸಲಾರದೇನೋ.

ಸಂಪುಟಗಳ ಮುಂದಿರುವ ಗೆಲ್ಬ್ ಅವರ ಒಪ್ಪಿಸುವ ಪತ್ರವನ್ನೂ ಓದುಗರು ದಾಟಿಹೋಗಬಾರದು. ತಂಡಕ್ಕೆ ಶ್ವೇತಭವನದ ಕಡತಗಳು ಸಿಗಲಿಲ್ಲ, ನಿರ್ಧಾರ ಕೈಗೊಂಡವರನ್ನು ಸಂದರ್ಶಿಸಲು ಅನುಮತಿಯಿರಲಿಲ್ಲ ಎಂದು ಅವರು ಅಲ್ಲಿ ಬಿಚ್ಚಿ ಹೇಳಿದ್ದಾರೆ. ಕಾಗದವೇ ಎಲ್ಲವನ್ನೂ ಹೇಳುವುದಿಲ್ಲ ಎಂಬ ಎಚ್ಚರಿಕೆ ಸೋರಿದ ಕಡತದೊಳಗೇ ಇತ್ತು, ಸೋರಿಕೆಯನ್ನು ಕೊಂಡಾಡಿದವರೂ ತೆಗಳಿದವರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಈ ತಾಣವನ್ನು ಬಳಸಿದರೆ ಚಲಾವಣೆಯಲ್ಲಿರುವ ಇನ್ನೂ ಕೆಲವು ಮಾತುಗಳು ಕುಸಿಯುತ್ತವೆ. ಪೆಂಟಗನ್ ಪೇಪರ್ಸ್ ನಿಕ್ಸನ್ ಸುಳ್ಳುಗಳನ್ನು ಬಯಲಿಗೆಳೆಯಿತು ಎಂಬುದು ಮೊದಲನೆಯದು. ವರದಿಯ ಶೀರ್ಷಿಕೆಯಲ್ಲೇ 1945ರಿಂದ 1967 ಎಂದು ಬರೆದಿದೆ, ನಿಕ್ಸನ್ ಅಧಿಕಾರಕ್ಕೆ ಬಂದದ್ದು 1969ರಲ್ಲಿ. ಎಲ್ಸ್‌ಬರ್ಗ್ ಹಿಂದೆಮುಂದೆ ನೋಡದೆ ಎಲ್ಲವನ್ನೂ ಪತ್ರಿಕೆಗಳ ಮುಂದೆ ಸುರಿದರು ಎಂಬುದು ಇನ್ನೊಂದು. ಸಂಧಾನದ ಮಾತುಕತೆಗಳ ನಾಲ್ಕು ಸಂಪುಟಗಳನ್ನು ಅವರು ಪತ್ರಿಕೆಗಳಿಗೆ ಕೊಡಲೇ ಇಲ್ಲ. ಅವು ತಾಣದ ಆರನೆಯ ಭಾಗದಲ್ಲಿವೆ, ಓದಿದರೆ ಏಕೆ ಕೊಡಲಿಲ್ಲ ಎಂಬುದು ತಾನೇ ತಿಳಿಯುತ್ತದೆ. ನ್ಯಾಯಾಲಯ ಅವರನ್ನು ನಿರ್ದೋಷಿ ಎಂದು ಘೋಷಿಸಿತು ಎಂಬ ಮಾತೂ ನಿಜವಲ್ಲ. 1973ರ ಮೇ ತಿಂಗಳಲ್ಲಿ ನ್ಯಾಯಾಧೀಶ ಮ್ಯಾಥ್ಯೂ ಬರ್ನ್ ಸರ್ಕಾರದ ದುರ್ನಡತೆಯ ಕಾರಣಕ್ಕೆ ಪ್ರಕರಣವನ್ನೇ ವಜಾ ಮಾಡಿದರು. ಎಲ್ಸ್‌ಬರ್ಗ್ ಮಾಡಿದ್ದು ಅಪರಾಧವೇ ಅಲ್ಲವೇ ಎಂಬ ಪ್ರಶ್ನೆಗೆ ಉತ್ತರ ಸಿಗಲೇ ಇಲ್ಲ.

ಪತ್ರಾಗಾರದ ಪುಟಗಳು ಮೂಕ. ಅವುಗಳ ಸುತ್ತ ಎದ್ದ ಗದ್ದಲವನ್ನು ಕೇಳಬೇಕೆಂದರೆ ಇನ್ನೆರಡು ಉಚಿತ ಸೇವೆಗಳನ್ನು ಜೊತೆಗಿಟ್ಟುಕೊಳ್ಳಬೇಕು. ಮೊದಲನೆಯದು ಅಮೆರಿಕದ ಸುಪ್ರೀಂ ಕೋರ್ಟಿನ ಮೌಖಿಕ ವಾದಗಳ ಧ್ವನಿಮುದ್ರಣಗಳನ್ನು ಒದಗಿಸುವ ಓಯೇಜ್ ತಾಣ. 1971ರ ಜೂನ್ 26ರ ವಿಚಾರಣೆಯಲ್ಲಿ ನ್ಯಾಯಮೂರ್ತಿ ಪಾಟರ್ ಸ್ಟೀವರ್ಟ್ ಟೈಮ್ಸ್ ಪರ ವಕೀಲ ಅಲೆಕ್ಸಾಂಡರ್ ಬಿಕೆಲ್ ಅವರ ಮುಂದೆ ಒಂದು ಕಲ್ಪಿತ ಸನ್ನಿವೇಶವನ್ನು ಇಡುತ್ತಾರೆ: ಮುದ್ರೆ ಹಾಕಿದ ಲಕೋಟೆ ತೆರೆದಾಗ, ಈ ಪ್ರಕಟಣೆಯಿಂದ 19 ವರ್ಷದ ನೂರು ಮಂದಿ ಹುಡುಗರು ಸಾಯುವುದು ಖಚಿತವೆಂದು ನಮಗೆ ಮನವರಿಕೆಯಾದರೆ ಏನು ಮಾಡಬೇಕು? ಬಿಕೆಲ್ ತಡವರಿಸುತ್ತಾರೆ, ಸಂವಿಧಾನದ ಮೇಲಿನ ಅಮೂರ್ತ ನಿಷ್ಠೆಗಿಂತ ಮನುಷ್ಯತ್ವವೇ ತಮ್ಮಲ್ಲಿ ಮೇಲುಗೈ ಪಡೆಯುತ್ತದೆ ಎಂಬರ್ಥದ ಮಾತನ್ನು ಆಡುತ್ತಾರೆ. ನಾಗರಿಕ ಹಕ್ಕುಗಳ ಸಂಘಟನೆಯಾದ ಎಸಿಎಲ್‌ಯು ಈ ಉತ್ತರದಿಂದ ದಂಗಾಗಿ, ತನ್ನ ನಿಲುವು ಅದಲ್ಲವೆಂದು ನ್ಯಾಯಾಲಯಕ್ಕೆ ಬರೆದು ತಿಳಿಸಿತು. ಸ್ಟೀವರ್ಟ್ ಅವರ ಪ್ರಶ್ನೆ ಕುತರ್ಕವಲ್ಲ, ನಿಯಮದ ಅಂಚನ್ನು ಮುಟ್ಟಿ ನೋಡುವ ಪ್ರಶ್ನೆ. ಅಂಚಿನ ಆ ಉದಾಹರಣೆಯನ್ನು ಎದುರಿಗಿರುವ ಕಡತದ ಮೇಲೆ ಹೊದಿಸಿ, ನೂರು ಹುಡುಗರು ಸತ್ತೇ ಹೋದರೆಂಬಂತೆ ಮಾತನಾಡಿದಾಗ ಮಾತ್ರ ಅದು ಕುತರ್ಕವಾಗುತ್ತದೆ. ಭಿನ್ನಮತದ ತೀರ್ಪಿನಲ್ಲಿ ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಸೈನಿಕರ ಸಾವು, ಮೈತ್ರಿಗಳ ನಾಶ ಎಂದೆಲ್ಲ ಎಣಿಸಿ, ಅವು ಸಂಭವಿಸಿದರೆ ಹೊಣೆ ಯಾರದೆಂದು ದೇಶ ಅರಿಯುತ್ತದೆ ಎಂದು ಎಚ್ಚರಿಸಿದಾಗ ಆ ಗೆರೆಯ ತೀರ ಸಮೀಪಕ್ಕೆ ಬಂದಿದ್ದರು. ಸರ್ಕಾರದ ಪರವಾಗಿ ಅಂದು ವಾದಿಸಿದ ಸಾಲಿಸಿಟರ್ ಜನರಲ್ ಅರ್ವಿನ್ ಗ್ರಿಸ್‌ವೋಲ್ಡ್ 1989ರಲ್ಲಿ ವಾಷಿಂಗ್ಟನ್ ಪೋಸ್ಟ್‌ಗೆ ಬರೆದ ಲೇಖನದಲ್ಲಿ, ಆ ಪ್ರಕಟಣೆಯಿಂದ ರಾಷ್ಟ್ರೀಯ ಭದ್ರತೆಗೆ ಅಪಾಯವಾದ ಸುಳಿವನ್ನೇ ತಾವು ಕಂಡಿಲ್ಲವೆಂದೂ, ಗೋಪ್ಯತೆಯ ಮುದ್ರೆ ಒತ್ತುವವರಿಗೆ ಭದ್ರತೆಗಿಂತ ಮುಜುಗರದ ಚಿಂತೆಯೇ ದೊಡ್ಡದೆಂದೂ ಒಪ್ಪಿಕೊಂಡರು. ಎದುರು ಪಕ್ಷದ ವಕೀಲರು ಹೀಗೆಂದಿದ್ದರೆ ಇದಕ್ಕೆ ಕಿಮ್ಮತ್ತಿರುತ್ತಿರಲಿಲ್ಲ.

ಎರಡನೆಯದು ನಿಕ್ಸನ್ ಧ್ವನಿಸುರುಳಿಗಳು. 1971ರ ಫೆಬ್ರುವರಿಯಿಂದ 1973ರ ಜುಲೈವರೆಗಿನ ಸುಮಾರು 3,700 ಗಂಟೆಗಳ ರಹಸ್ಯ ಧ್ವನಿಮುದ್ರಣದಲ್ಲಿ ಬಹುಪಾಲು ಇಂದು ಸಾರ್ವಜನಿಕರಿಗೆ ಲಭ್ಯ, ವರ್ಜೀನಿಯಾ ವಿಶ್ವವಿದ್ಯಾಲಯದ ಮಿಲ್ಲರ್ ಸೆಂಟರ್ ಆಯ್ದ ಭಾಗಗಳಿಗೆ ಅಕ್ಷರರೂಪ ಒದಗಿಸಿದೆ. ಕೊಠಡಿಯೊಳಗಿನ ಮಾತುಗಳು ಬಟ್ಟಲು ಸದ್ದಿನಲ್ಲಿ ಮುಳುಗಿಹೋಗುತ್ತವೆ, ದೂರವಾಣಿ ಮಾತುಕತೆಗಳು ಸಾಕಷ್ಟು ಸ್ಪಷ್ಟ. ಉದ್ರೇಕಕಾರಿ ಮಾತು ಹೇಗೆ ಹುಟ್ಟುತ್ತದೆ ಎಂಬುದನ್ನು ಇಲ್ಲಿ ಗಳಿಗೆ ಗಳಿಗೆಯಾಗಿ ಹಿಂಬಾಲಿಸಬಹುದು. ಜೂನ್ 13ರ ಮಧ್ಯಾಹ್ನ ಮೊದಲು ಸುದ್ದಿ ಕೇಳಿದಾಗ ನಿಕ್ಸನ್ ಅಷ್ಟೇನೂ ಕೆರಳಿರಲಿಲ್ಲ, ಹಿಂದಿನ ಸರ್ಕಾರಗಳ ಮಾನ ಹೋಗುತ್ತಿದೆಯಲ್ಲವೇ ಎಂಬ ಧಾಟಿ ಇತ್ತು. ರಾಷ್ಟ್ರೀಯ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಸಲಹೆಯ ನಂತರ ಕಾವೇರುತ್ತದೆ. ತಿಂಗಳ ಕೊನೆಗೆ ಬರುವಷ್ಟರಲ್ಲಿ ಅಟಾರ್ನಿ ಜನರಲ್ ಜಾನ್ ಮಿಚೆಲ್ ಅವರಿಗೆ, ಎಲ್ಸ್‌ಬರ್ಗ್ ವಿಚಾರಣೆಯ ಗೊಡವೆ ಬೇಡ, ತನಿಖೆಯಲ್ಲಿ ಸಿಕ್ಕಿದ್ದನ್ನೆಲ್ಲ ಪತ್ರಿಕೆಗಳಿಗೆ ಸೋರಿಸಿ ಅವರನ್ನು ಪತ್ರಿಕೆಗಳಲ್ಲೇ ಮುಗಿಸಿಬಿಡಿ ಎಂದು ಅಪ್ಪಣೆ ಕೊಡುವುದು ಕೇಳಿಬರುತ್ತದೆ. ಸೋರಿಕೆ ರಾಷ್ಟ್ರಕ್ಕೆ ಸರಿಪಡಿಸಲಾಗದ ಹಾನಿ ತರುತ್ತದೆ ಎಂದು ಟೈಮ್ಸ್ ಪತ್ರಿಕೆಗೆ ತಂತಿ ಕಳಿಸಿದ್ದವರು ಇದೇ ಮಿಚೆಲ್. ಸೋರಿಕೆಯ ಬಗ್ಗೆ ಅಧಿಕಾರಸ್ಥರ ಸಿಟ್ಟು ಸೋರಿಕೆಯ ಮೇಲಿನದಲ್ಲ, ನಲ್ಲಿ ತಿರುಗಿಸಿದ ಕೈ ಯಾರದೆಂಬುದರ ಮೇಲಿನದು ಎಂದು ಈ ಧ್ವನಿಸುರುಳಿ ಕೇಳಿದ ಮೇಲೆ ನನಗೆ ಅನುಮಾನ ಉಳಿದಿಲ್ಲ.

ಕನ್ನಡದ ಓದುಗರಿಗೆ ಇದೆಲ್ಲ ದೂರದ ಕಥೆಯೆಂದು ತೋರಬಹುದು, ಆದರೆ ನಮ್ಮ ಸುಪ್ರೀಂ ಕೋರ್ಟಿನಲ್ಲಿ ಈ ಪ್ರಕರಣ ಹಾಯ್ದುಹೋಗಿದೆ. ರಫೇಲ್ ಖರೀದಿಗೆ ಸಂಬಂಧಿಸಿ ದಿ ಹಿಂದೂ ಪತ್ರಿಕೆ ಪ್ರಕಟಿಸಿದ ರಕ್ಷಣಾ ಸಚಿವಾಲಯದ ಟಿಪ್ಪಣಿಗಳು ಕಳುವಾದವು ಎಂದು 2019ರ ಮಾರ್ಚ್‌ನಲ್ಲಿ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ನ್ಯಾಯಾಲಯಕ್ಕೆ ಹೇಳಿದರು, ಎರಡು ದಿನಗಳ ನಂತರ ತಾವು ಹೇಳಿದ್ದು ಮೂಲಪತ್ರಗಳ ನಕಲುಗಳ ಬಗ್ಗೆ ಎಂದು ವಿವರಣೆ ಕೊಟ್ಟರು. ಆ ಪತ್ರಗಳನ್ನು ಪರಿಗಣಿಸಬಾರದೆಂಬ ಸರ್ಕಾರದ ಪ್ರಾಥಮಿಕ ಆಕ್ಷೇಪವನ್ನು ಏಪ್ರಿಲ್ 10ರಂದು ಮೂವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತಳ್ಳಿಹಾಕಿದಾಗ ತೀರ್ಪಿನಲ್ಲಿ ಉಲ್ಲೇಖಗೊಂಡದ್ದು ನ್ಯೂಯಾರ್ಕ್ ಟೈಮ್ಸ್‌ನ 1971ರ ಪ್ರಕರಣವೇ. ಅಂದು ಒಂದು ಪಾಳೆಯ ಹಗರಣ ಸಾಬೀತಾಯಿತೆಂದು ಕೂಗಿತು. ಸಾಬೀತಾದದ್ದು ಪತ್ರಗಳನ್ನು ಓದಬಹುದು ಎಂಬುದಷ್ಟೇ, ಪುನರ್‌ಪರಿಶೀಲನಾ ಅರ್ಜಿಗಳು ಅದೇ ವರ್ಷದ ನವೆಂಬರ್ 14ರಂದು ವಜಾ ಆದವು. ಇನ್ನೊಂದು ಪಾಳೆಯ ಆ ವಜಾವನ್ನೇ ಹಿಡಿದು ಪತ್ರಿಕೆ ಪ್ರಕಟಿಸಿದ್ದೇ ತಪ್ಪೆಂದಿತು, ಏಪ್ರಿಲ್‌ನ ತೀರ್ಪನ್ನು ನುಂಗಿಬಿಟ್ಟಿತು. ಮೊಲಕ್ಕೆ ಮೂರೇ ಕಾಲು ಎನ್ನುವವರು ಎರಡೂ ಕಡೆ ಇದ್ದರು.

ಇನ್ನು ಸೇವೆಯ ಕೊರತೆಗಳು. ಇದು ಸಾಮಾನ್ಯ ಓದುಗನಿಗಾಗಿ ಕಟ್ಟಿದ ತಾಣವಲ್ಲ. ವಿಷಯಸೂಚಿ ಎಂದು ಇರುವುದು ಮೂಲ ವರದಿಯದೇ, ವ್ಯಕ್ತಿಯ ಅಥವಾ ಊರಿನ ಹೆಸರು ಹಿಡಿದು ಎಲ್ಲ ಸಂಪುಟಗಳಲ್ಲಿ ಒಟ್ಟಿಗೆ ಹುಡುಕುವ ಅನುಕೂಲಕ್ಕಾಗಿ ಕಾದರೆ ನಿರಾಸೆಯೇ ಗತಿ. ಮಸುಕಾದ ಬೆರಳಚ್ಚು ಪುಟಗಳಲ್ಲಿ ಪದ ಹುಡುಕುವ ತಂತ್ರವನ್ನು ನೆಚ್ಚಬಾರದು, ಪುಟ ತಿರುವುವುದೇ ದಾರಿ. ಕಡತಗಳು ದೊಡ್ಡವು, ಮೊಬೈಲಿನಲ್ಲಿ ಓದುವ ಸಾಹಸ ಬೇಡ. ನನಗೆ ಇದಕ್ಕಿಂತ ದೊಡ್ಡದಾಗಿ ಕಂಡ ಕೊರತೆ ಬೇರೆಯದು. ಯಾವ ಶೇ 34ರಷ್ಟು ಭಾಗ ಹೊಸದು ಎಂಬುದನ್ನು ಪುಟಗಳ ಮೇಲೆ ಗುರುತಿಸಿಲ್ಲ. 1971ರಲ್ಲಿ ಜನರಿಗೆ ಏನು ಗೊತ್ತಿತ್ತು, 2011ರವರೆಗೆ ಏನು ಮುಚ್ಚಿತ್ತು ಎಂದು ಹೋಲಿಸಬೇಕೆನ್ನುವವರು ಹಳೆಯ ಆವೃತ್ತಿಗಳನ್ನು ಪಕ್ಕದಲ್ಲಿಟ್ಟುಕೊಂಡು ತಾವೇ ದುಡಿಯಬೇಕು. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿರುವ ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್ ಎಂಬ ಸರ್ಕಾರೇತರ ಸಂಸ್ಥೆಯ ತಾಣ ಈ ವಿಷಯದಲ್ಲಿ ಹೆಚ್ಚು ನೆರವಾಗುತ್ತದೆ. ಹೆಸರು ಕೇಳಿ ಅದನ್ನು ಸರ್ಕಾರದ್ದೆಂದು ಭಾವಿಸಬಾರದು.

ಹೀಗಿದ್ದೂ ಈ ಸೇವೆಗೆ ಐದರಲ್ಲಿ ನಾಲ್ಕು ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ. ಪತ್ರಿಕೋದ್ಯಮ, ಕಾನೂನು, ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೂ ಚರ್ಚಾಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಅಧ್ಯಾಪಕರಿಗೂ ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ವಿಯೆಟ್ನಾಂ ಯುದ್ಧದ ಕಥೆಯನ್ನು ರಸವತ್ತಾಗಿ ಓದಬೇಕೆನ್ನುವವರು ಇತ್ತ ಬರುವುದು ಬೇಡ, ಇದು ಇಲಾಖೆಯ ಭಾಷೆಯಲ್ಲಿರುವ ಇಲಾಖೆಯ ವರದಿ. ನಮ್ಮಲ್ಲಿ ಇಂಥದ್ದೊಂದು ಸೇವೆ ಯಾವುದಕ್ಕೆ ಬೇಕು ಎಂದು ಯಾರಾದರೂ ಕೇಳಿದರೆ 1962ರ ಚೀನಾ ಯುದ್ಧದ ಸೋಲನ್ನು ಪರಿಶೀಲಿಸಿದ ಹೆಂಡರ್‌ಸನ್ ಬ್ರೂಕ್ಸ್-ಭಗತ್ ವರದಿಯನ್ನು ತೋರಿಸಬೇಕು. ಅದರ ಒಂದು ಭಾಗವನ್ನು ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ 2014ರ ಮಾರ್ಚ್‌ನಲ್ಲಿ ಅಂತರ್ಜಾಲಕ್ಕೆ ಹಾಕಿದರು, ನಡುವೆ ಕೆಲವು ಪುಟಗಳು ಇಲ್ಲ. ಅದು ಇಂದಿಗೂ ಸೂಕ್ಷ್ಮವೆಂದು 2010ರಲ್ಲಿ ರಕ್ಷಣಾ ಸಚಿವ ಎ.ಕೆ. ಆಂಟನಿ ಹೇಳಿದ್ದರು. ದಾಖಲೆಗಳನ್ನು ಎಂದೆಂದಿಗೂ ಗೋಪ್ಯವಾಗಿಡುವುದು ಸರಿಯಲ್ಲವೆಂದು ವಿರೋಧ ಪಕ್ಷದಲ್ಲಿದ್ದಾಗ 2014ರ ಮಾರ್ಚ್‌ನಲ್ಲಿ ಬರೆದ ಅರುಣ್ ಜೇಟ್ಲಿ, ಅದೇ ಜುಲೈನಲ್ಲಿ ರಕ್ಷಣಾ ಸಚಿವರಾಗಿ ವರದಿಯ ಬಿಡುಗಡೆ ರಾಷ್ಟ್ರಹಿತಕ್ಕೆ ತಕ್ಕುದಲ್ಲವೆಂದು ರಾಜ್ಯಸಭೆಗೆ ಉತ್ತರ ಕೊಟ್ಟರು. ಆ ವರದಿಯ ಬಗ್ಗೆ ಇಂದು ವಾದಿಸುವವರ ಕೈಯಲ್ಲಿ ಇರುವುದು ಮ್ಯಾಕ್ಸ್‌ವೆಲ್ ಹಾಕಿದ, ಪುಟ ತಪ್ಪಿದ ಆ ಪ್ರತಿಯೊಂದೇ.